ಬರದ ಮ್ಯಾಲೆ ನೆನಪು ಏನಾಗತೇತಿ

ಕವಿತಾ ಬರದ್ರ ನೆನಪು ಉಳಿತೇತಿ ಅಂತ ಎಲ್ಲಾರೂ ಹೇಳ್ತಾರ. ನಂಗ ಹಂಗ ಅನಸಂಗಿಲ್ಲ. ಕವಿತಾ ಉಳಿತೇತಿ, ಖರೆ. ನೆನಪು ಮಾತ್ರ ಮೆಲ್ಲಕ ಅದರೊಳಗ ಕರಗಿ ಹೋಗತೇತಿ, ಹೋದದ್ದು ನಮಗ ಗೊತ್ತೂ ಆಗಂಗಿಲ್ಲ.

ನಮ್ಮಪ್ಪ ಗದಗದಾಗ ಒಂದ ಪ್ರೆಸ್ಸಿನ್ಯಾಗ ಕಂಪೋಸಿಟರ್ ಇದ್ದ. ಗದಗಕ್ಕ ಮುದ್ರಣ ಕಾಶಿ ಅಂತಾರಲ್ರಿ, ಆಫ್‌ಸೆಟ್ ಬರೂಕಿಂತ ಮೊದಲಿನ ಮಾತು, ಒಂದೊಂದ ಮೊಳಿ, ಅಂದ್ರ ಅಚ್ಚಿನ ಅಕ್ಷರ, ಕೈಲೆ ಆರಿಸಿ ಸಾಲು ಕೂಡಸೂ ಸ್ಟಿಕ್ಕಿನ್ಯಾಗ ಜೋಡಸಬೇಕು. ಕನ್ನಡಕ್ಕ ಕಾಗುಣಿತ ಬ್ಯಾರೆ, ಒತ್ತಕ್ಷರ ಬ್ಯಾರೆ, ಮೊಳಿ ಇಡೂ ಕೇಸಿನ ತುಂಬ ಖಾನೆಗೋಳು, ಅಪ್ಪ ಅವನ್ನ ತಿರುಗಿ ಸೈತ ನೋಡತಿದ್ದಿಲ್ಲ, ಕಣ್ಣು ಕೈಬರಹದ ಹಾಳಿ ಮ್ಯಾಲೆ, ಬೆರಳು ತಾನ ಹೋಗಿ ಬೇಕಾದ ಮೊಳಿ ಹಿಡಕೊಂಡ ಬರ್ತಿತ್ತು. ಉಲ್ಟಾ ಇದ್ದ ಅಕ್ಷರಾನ ಸುಲ್ಟಾ ಇದ್ದಂಗ ಸರಾಗ ಓದತಿದ್ದ. ಅಚ್ಚ ಹೊಡದ ಮ್ಯಾಲೆ ಚಿಮಣಿ ಎಣ್ಣಿ ಹಾಕಿ ತೊಳದು ಮೊಳಿ ಎಲ್ಲಾ ಬಿಚ್ಚಿ ತಿರುಗಿ ಅದರದರ ಖಾನೆಕ್ಕ ಹಾಕಬೇಕು. ಮುಂಜಾನೆ ಲಗ್ನಪತ್ರಿಕಿದಾಗ ಇದ್ದ 'ಶ್ರೀ' ಸಂಜಿಕೆ ತೀರಿಕೊಂಡವರ ಶಿವಗಣಾರಾಧನೆ ಕಾರ್ಡಿನ್ಯಾಗ ಹೋಗಿ ಕುಂದ್ರತಿತ್ತು.

ವೀರನಾರಾಯಣ ಗುಡಿಗೆ ಕರಕೊಂಡ ಹೋದಾಗೆಲ್ಲಾ ಅಪ್ಪ ಆ ಕಂಬ ತೋರಸತಿದ್ದ. ಕುಮಾರವ್ಯಾಸ ಕೊಳದಾಗ ಮಿಂದು ಒದ್ದಿ ಬಟ್ಟಿ ಮ್ಯಾಲೆ ಆ ಕಂಬಕ್ಕ ಆತು ಕುಂತ ಭಾರತ ಬರದ, ಬಟ್ಟಿ ಆರೂ ತನಕಾ ಬರೀತಿದ್ದ ಅಂತ ಊರಾಗ ಹೇಳತಾರ. ತಾ ಹಲಗಿ ಬಳಪ ಹಿಡಿದಾಂವಲ್ಲ, ಒಮ್ಮೆ ಇಟ್ಟ ಪದಾ ಅಳಿಸಿದಾಂವಲ್ಲ ಅಂತ ಅಂವನ ಹೇಳಕೊಂಡಾನ. ಅಪ್ಪ ಅದನ್ನ ಹೇಳಿ, 'ಅಂವ ದೊಡ್ಡಾಂವ ತಮ್ಮಾ, ನಾ ದಿನಾ ಬಿಚ್ಚಬೇಕು' ಅಂತಿದ್ದ.

ಅಪ್ಪ ತೀರಿಕೊಂಡ ವರ್ಷಾನ ಅವನ ಮ್ಯಾಲೆ ಒಂದ ಕವಿತಾ ಬರದ್ನಿ. ಪ್ರೆಸ್ ಬಿಟ್ಟ ಕಡೀ ದಿನ ಮನಿಗೆ ಬರೂದು ಅದರಾಗ ಬರತೇತಿ, ಮಳಿ ಹೊಡೀತಿರತೇತಿ, ಅಂಗಿ ತೊಯ್ದೇತಿ, ಬೆರಳಿನ ಕಪ್ಪು ಮಳಿಗೂ ಹೋಗಂಗಿಲ್ಲ. ಚೊಲೊ ಕವಿತಾ, ಇವತ್ತಿಗೂ ನಂಗ ಹಂಗ ಅನಸ್ತೇತಿ. ತಂಗಿ ಓದಿ, 'ಅಣ್ಣಾ, ಅವತ್ತ ಮಳಿ ಎಲ್ಲಿತ್ತೋ, ರಣಾ ಬಿಸಲಿತ್ತು. ಅಪ್ಪ ಬಂದಾಂವನ ಒಂದ ತಂಬಿಗಿ ನೀರ ಗಟಗಟ ಕುಡದ, ಅಂಗಿ ತಗದು ಕಟ್ಟಿ ಮ್ಯಾಲೆ ಕುಂತ, ನೀನ ಬೀಸಣಿಕಿ ತಂದ ಕೊಟ್ಟಿ' ಅಂದ್ಲು. ಅಕಿ ಹೇಳೂದು ಖರೇನ ಇರಬೇಕು, ಆದ್ರ ನಾ ಕಣ್ಣ ಮುಚ್ಚಿದ್ರ ಮಳೀನ ಬರತೇತಿ. ಕವಿತಾಕ್ಕ ಮಳಿ ಬೇಕಾಗಿತ್ತು, ಬಂತು, ಬೀಸಣಿಕಿ ಹೋತು. ನನ್ನ ಕೈಲೆ ಅಪ್ಪಗ ಕೊಟ್ಟ ಬೀಸಣಿಕಿ ಅದು, ಈಗ ಅದನ್ನ ತಂಗೀ ಬಾಯಾಗಿಂದ ಕೇಳಬೇಕು.

ಹಂಗಾದ್ರ ದುಃಖದ ಮ್ಯಾಲೆ ಬರೀಬಾರದೇನು ಅಂತೀರಿ. ಧಾರವಾಡದಾಗ ಇದ್ದಕೊಂಡು ನಾ ಹಂಗ ಹೆಂಗ ಹೇಳ್ಲಿ, ಬೇಂದ್ರೆ ಅಜ್ಜಾರ ಮನಿ ಇರೂ ಸಾಧನಕೇರಿ ಇಲ್ಲೇ ಐತಿ. ಅವರು ಕೂಸ ಕಳಕೊಂಡ ಸಂಕಟದಾಗ 'ನೀ ಹೀಂಗ ನೋಡಬ್ಯಾಡ ನನ್ನ' ಬರದ್ರು. ಅದನ್ನ ಇನ್ನೊಮ್ಮೆ ಓದ್ರಿ, ಕೂಸು ಹೆಂಗಿತ್ತು, ಹೆಂಗ ಆಡತಿತ್ತು ಅನ್ನೂ ವರ್ಣನಾನ ಇಲ್ಲ. ಪದದ ತುಂಬ ಹೆಂಡತಿ ನೋಟ, ಅಕಿ ತಡಕೊಂಡ ಬಿಕ್ಕು, ಅತ್ತುಬಿಡು ಅಂತ ಗಂಡ ಬೇಡಕೊಳ್ಳೂದು. ಕೂಸು ಅವರಿಬ್ಬರ ಕಡೇನ ಉಳೀತು, ನಮ್ಮ ಕೈಗೆ ಅದನ್ನ ಕೊಡಲಿಲ್ಲ ಅವರು. ಎಷ್ಟ ಬಿಡಬೇಕು ಅನ್ನೂದು ಅವರಿಗೆ ಗೊತ್ತಿತ್ತು, ನನಗಂತೂ ಕವಿ ದೊಡ್ಡತನ ಅಲ್ಲೇ ಕಾಣತೇತಿ, ಬರದದ್ದರಾಗಿನಷ್ಟ ಬಿಟ್ಟದ್ದರಾಗೂ.

2022ರ ಫೆಬ್ರವರಿಯಾಗ ಕವಿ ಚೆನ್ನವೀರ ಕಣವಿ ಸರ್ ಹೋದ್ರಲ್ಲ, ನಮ್ಮ ಗದಗ ಸೀಮಿ ಹೊಂಬಳದಾಗ ಹುಟ್ಟಿದವರು, ಕಲ್ಯಾಣನಗರದ 'ಚೆಂಬೆಳಕು' ಮನಿ ಈ ಕಡೆ ಬರಿಯವರಿಗೆಲ್ಲಾ ಗೊತ್ತಿದ್ದ ಮನಿ. ಅವತ್ತ ಸಂಜಿ ಆಗೂದ್ರಾಗ ಫೇಸ್‌ಬುಕ್ ತುಂಬ ಕವಿತಾ. ಬರದವರ ಪ್ರೀತಿ ಮ್ಯಾಲೆ ನಂಗ ಕಿಂಚಿತ್ತೂ ಸಂಶಯ ಇಲ್ಲ, ನನ್ನ ಕೈಯೂ ಮೊಬೈಲಿಗೆ ಹೋಗಿತ್ತು. ತಡದ್ನಿ. ನನ್ನ ಕಡೆ ಕವಿತಾ ತರೂ ಹುಡುಗ್ರಿಗೂ ನಾ ಹೇಳೂದು ಇಷ್ಟ: ಅವಸರ ಮಾಡಬ್ಯಾಡ್ರಿ ಪಾ, ಮೊದಲ ಒಂದ ಡೈರ್ಯಾಗ ಸಾದಾ ಗದ್ಯದಾಗ ಬರದ ಇಡ್ರಿ, ಅವರು ಏನ ಉಟಗೊಂಡಿದ್ರು, ಏನ ಉಂಡ್ರು, ಬಿಸಲಿತ್ತೋ ಮಳಿ ಇತ್ತೋ, ಯಾರ ಏನಂದ್ರು. ಒಂದೂ ಉಪಮಾ ಬ್ಯಾಡ. ಅದನ್ನ ಯಾರಿಗೂ ತೋರಸಬ್ಯಾಡ್ರಿ. ಆಮ್ಯಾಲೆ ಕವಿತಾ ಏನ ಬೇಕಾದ್ದ ತಗೊಳ್ಳಲಿ, ಎಷ್ಟ ಬೇಕಾದಷ್ಟ ಬದಲಿ ಮಾಡಲಿ, ಖರೇದ್ದು ಒಂದ ಕಡೆ ಇರತೇತಿ.

ಅವ್ವನ ಮ್ಯಾಲೆ ಯಾಕ ಬರದಿಲ್ರಿ ಅಂತ ಭಾಳ ಮಂದಿ ಕೇಳ್ತಾರ, ಇಷ್ಟ ಉದ್ದ ಬರಿಲಿಕ್ಕೆ ಅದೂ ಒಂದ ಕಾರಣ. ಅವ್ವ ಹೋಗಿ ವರ್ಷಗಟ್ಟಲೆ ಆತು. ರವಿವಾರಕ್ಕೊಮ್ಮೆ ತಂಗಿ ಫೋನ್ ಮಾಡ್ತಾಳ, ಅವ್ವನ ಸುದ್ದಿ ತಗದು ಇಬ್ಬರೂ ಜಗಳಾಡತೇವಿ, ಕೆಂಪು ಇಳಕಲ್ ಸೀರಿ ಯಾವ ಜಾತ್ರ್ಯಾಗ ತಗೊಂಡಿದ್ಲು, ಶೇಂಗಾ ಚಟ್ನಿಗೆ ಬಳ್ಳೊಳ್ಳಿ ಮೊದಲ ಹಾಕತಿದ್ಲೋ ಆಮ್ಯಾಲೋ, ಅಕಿ ಒಂದ ಹೇಳ್ತಾಳ ನಾ ಒಂದ ಹೇಳ್ತೇನಿ, ತೀರ್ಮಾನ ಆಗಂಗಿಲ್ಲ. ಕವಿತಾ ಬರದ್ರ ಅವತ್ತಿಗೆ ಆ ಜಗಳ ಮುಗೀತೇತಿ. ಅದಕ್ಕ ಮುಂದಿನ ಸಂಕಲನದಾಗೂ ಅವ್ವನ ಮ್ಯಾಲೆ ಕವಿತಾ ಇರಂಗಿಲ್ಲ.