ಹುಳ ಸಾಯಾಕತ್ತಾವಂತ!

ಈಗಷ್ಟೇ ಧಾರವಾಡದ ಒಂದು ಮೆಡಿಕಲ್ ಶಾಪಿನಿಂದ ಬಂದೆ. ತಲೆ ಕಾದಿದೆ, ಬರೆದೇ ಬಿಡುತ್ತೇನೆ.

ಪಕ್ಕದಲ್ಲಿ ನಿಂತಿದ್ದ ಹೆಂಗಸು ಫೋನ್ ತೋರಿಸಿ ಹುಳದ ಗುಳಿಗೆ ಐವರ್‌ಮೆಕ್ಟಿನ್ ಕೇಳಿದರು. ಡಾಕ್ಟರ್ ಚೀಟಿ ಇಲ್ಲ. ಅಂಗಡಿ ಹುಡುಗ ಎರಡು ಸ್ಟ್ರಿಪ್ ಕೊಟ್ಟೇಬಿಟ್ಟ. ನನ್ನ ಬಾಯಿ ಸುಮ್ನೆ ಇರಬೇಕಲ್ಲ!

"ಯಾಕ್ರಿ ಅಕ್ಕಾರ, ಹುಳ ಆಗ್ಯಾವೇನ್ರಿ?"

"ಮೈಕೈ ನೋವು, ಸುಸ್ತು, ಹೊಟ್ಟಿ ಉಬ್ಬರ್ರೀ. ಡಾಕ್ಟರಿಗೆ ಏನೂ ಸಿಗವಲ್ದು. ಎಲ್ಲಾ ಹುಳದ ಕಾಟ ಅಂತ ವಿಡಿಯೋದಾಗ ಹೇಳ್ಯಾರ. ದಿನಾ ಒಂದ್ ಗುಳಿಗಿ ತಗೊಳ್ಳಾಕತ್ತೀನಿ."

"ಕಡಿಮಿ ಆತೇನ್ರಿ?"

"ಇಲ್ರಿ, ತಲಿ ತಿರಗಾಕತ್ತೈತಿ. ಹುಳ ಸಾಯಾಕತ್ತಾವಲ್ರಿ, ಹಂಗ ಆಗತೈತಂತ."

ಈ ಲೆಕ್ಕ ನೋಡಿ. ಆರಾಮಾದರೆ ಗುಳಿಗೆಯ ಗುಣ. ಜಾಸ್ತಿಯಾದರೆ ಹುಳ ಸಾಯುತ್ತಿವೆ. ಏನೂ ಆಗದಿದ್ದರೆ ಡೋಸ್ ಸಾಲದು. ತಪ್ಪು ಅನ್ನಿಸಿಕೊಳ್ಳುವ ದಾರಿಯೇ ಇಲ್ಲ ಆ ಗುಳಿಗೆಗೆ! ತಲೆ ತಿರುಗುವುದು ಆ ಔಷಧದ್ದೇ ಅಡ್ಡಪರಿಣಾಮ. ಮಿತಿಮೀರಿದರೆ ತೂರಾಟ, ಗೊಂದಲ, ಫಿಟ್ಸ್ ತನಕ ಹೋಗುತ್ತದೆ.

ನಾನು ಅರ್ಧ ಆಯುಷ್ಯ ಲ್ಯಾಬಿನಲ್ಲಿ ಮಲದ ಸ್ಯಾಂಪಲ್ ನೋಡುತ್ತಾ ಕಳೆದೆ. (ಊಟಕ್ಕೆ ಕೂತವರು ಆಮೇಲೆ ಓದಿ.) ಜಂತುಹುಳ, ಕೊಕ್ಕೆಹುಳ ಇದ್ದರೆ ಮೊಟ್ಟೆ ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಒಂದು ಸಲ ಸಿಗದಿದ್ದರೆ ಮೂರು ದಿನದ ಸ್ಯಾಂಪಲ್ ಕೇಳುತ್ತಾರೆ. ರಕ್ತದಲ್ಲಿ ಇಯೊಸಿನೊಫಿಲ್ (ಹುಳ ಇದ್ದಾಗ ಹೆಚ್ಚಾಗುವ ಒಂದು ಬಗೆಯ ಬಿಳಿ ರಕ್ತಕಣ) ಏರಿದೆಯಾ ನೋಡುತ್ತಾರೆ. ಆಯಮ್ಮ ಇದ್ಯಾವುದನ್ನೂ ಮಾಡಿಸಿಲ್ಲ. ವಿಡಿಯೋಗಳಲ್ಲಿ ಹುಳ ಅಂತ ತೋರಿಸುವ ಉದ್ದನೆಯ ಎಳೆಗಳು ಎಷ್ಟೋ ಸಲ ಬರೀ ಕರುಳಿನ ಲೋಳೆ.

ಔಷಧ ಕೆಟ್ಟದ್ದು ಅಂತಿಲ್ಲ. ಜಪಾನಿನ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಹುಟ್ಟಿದ ಮದ್ದು ಇದು. ಇದನ್ನು ಕಂಡುಹಿಡಿದ ವಿಜ್ಞಾನಿಗಳಾದ ಒಮುರಾ, ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹುಳದಿಂದ ಬರುವ ಕುರುಡುತನ ತಡೆದು ಆಫ್ರಿಕಾದಲ್ಲಿ ಎಷ್ಟೋ ಜನರ ಕಣ್ಣು ಉಳಿಸಿದೆ. ತುರಿಕಜ್ಜಿಗೂ ಕೊಡುತ್ತಾರೆ. ಆದರೆ ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ, ಹೆಚ್ಚಾಗಿ ಒಂದೋ ಎರಡೋ ಸಲ. ದಿನಾ ಚಹಾ ಜೊತೆ ನುಂಗೋಕಲ್ಲ! ಕೋವಿಡ್ ಹೊತ್ತಲ್ಲೂ ಊರೆಲ್ಲಾ ಇದನ್ನೇ ನುಂಗಿತು. ದೊಡ್ಡ ಪ್ರಯೋಗಗಳಲ್ಲಿ ಏನೂ ಉಪಯೋಗ ಕಾಣಲಿಲ್ಲ.

"ಸಾಲಿ ಮಕ್ಕಳಿಗೆ ಸರ್ಕಾರನ ಹುಳದ ಗುಳಿಗಿ ಕೊಡತೈತಲ್ರಿ" ಅಂದ ಅಂಗಡಿ ಹುಡುಗ. ಹೌದಪ್ಪ ಜಾಣ, ಕೊಡುತ್ತದೆ. 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಅನ್ನೋ ಬೇರೆ ಹುಳದ ಗುಳಿಗೆ. ದೊಡ್ಡ ಮಕ್ಕಳಿಗೆ 400 ಮಿಲಿಗ್ರಾಂ, ಒಂದೇ ಗುಳಿಗೆ, ಮುಗೀತು. ಅದನ್ನೇ ತಿಂಗಳುಗಟ್ಟಲೆ ತಿಂದರೆ ಲಿವರ್ ಕೆಡಬಹುದು, ರಕ್ತಕಣ ಇಳಿಯಬಹುದು.

ಆಯಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಎದ್ದರೆ ನನ್ನ ಬೆರಳೂ ಮಡಚುವುದಿಲ್ಲ. ರಿಪೋರ್ಟ್ ಎಲ್ಲಾ ನಾರ್ಮಲ್. "ಟೆನ್ಷನ್ ತಗೋಬ್ಯಾಡ್ರಿ" ಅಂತ ಕೇಳಿಸಿಕೊಂಡು ಹೊರಬಂದಾಗ ಯಾರು ಏನು ಕೊಟ್ಟರೂ ನುಂಗಿಬಿಡೋಣ ಅನಿಸುತ್ತದೆ, ಅಲ್ವಾ? ಆ ಬೇಸರವನ್ನೇ ಈ ವಿಡಿಯೋದವರು ದುಡಿಮೆ ಮಾಡಿಕೊಂಡಿದ್ದಾರೆ. ಸುಸ್ತಿಗೆ ಥೈರಾಯ್ಡ್, ವಿಟಮಿನ್ ಬಿ12, ಹಿಮೋಗ್ಲೋಬಿನ್ ನೋಡಿಸಿದ್ದೀರಾ ಅಂತ ಕೇಳಿದೆ. "ಬಿ12 ಅಂದ್ರೇನ್ರಿ?" ಅಂದರು. ಐವರ್‌ಮೆಕ್ಟಿನ್ ಡೋಸ್ ಮಾತ್ರ ಬಾಯಿಪಾಠ.

ನನಗೆ ಬುದ್ಧಿ ಹೇಳಲು ವಿಡಿಯೋ ಲಿಂಕ್ ಹಾಕುವವರು ಹಾಕಿ. ಜೊತೆಗೆ ನಿಮ್ಮ ಸ್ಟೂಲ್ (ಮಲ ಪರೀಕ್ಷೆ) ರಿಪೋರ್ಟೂ ಇರಲಿ. ಅದನ್ನು ಓದೋಕೆ ನನಗೆ ಬರುತ್ತದೆ.