ಟೇಕ್ವಾಂಡೊಗೆ ಎರಡು ಸಾವಿರ ವರ್ಷ ಅನ್ನೋದು ನಂಬಬೇಡಿ, ತೆಕ್ಕ್ಯೊನ್ ನೋಡಿ

ಟೇಕ್ವಾಂಡೊ ಎರಡು ಸಾವಿರ ವರ್ಷ ಹಳೆಯದು ಅನ್ನುವ ಮಾತು ಕೊರಿಯಾದಿಂದ ಹೊರಟು ನಮ್ಮ ಕಡೆಯ ಕ್ಲಾಸ್‌ಗಳವರೆಗೂ ಬಂದಿದೆ. ಸಾಕ್ಷಿ ಕೇಳಿದರೆ ಪ್ರಾಚೀನ ಕೊರಿಯಾದ ಕೊಗುರ್ಯೊ ರಾಜ್ಯದ ಕಾಲದ ಮುಯೊಂಗ್‌ಚೊಂಗ್ ಸಮಾಧಿಯ ಚಿತ್ರ ತೋರಿಸುತ್ತಾರೆ. ಅದು ಈಗ ಚೀನಾದ ಜಿಆನ್‌ನಲ್ಲಿದೆ. ಅದರಲ್ಲಿರುವುದು ಎದುರುಬದುರು ಕೈಚಾಚಿ ನಿಂತ ಇಬ್ಬರು, ಅಷ್ಟೇ. ಅಲ್ಲಿಂದ ಇವತ್ತಿನ ಒದೆತಕ್ಕೆ ಗೆರೆ ಎಳೆಯೋದು ಇತಿಹಾಸವಲ್ಲ, ಆಸೆ.

ದಾಖಲೆ ಹೇಳೋದು ಬೇರೆ. ಜಪಾನಿನಲ್ಲಿ ಕರಾಟೆ ಗುರು ಫುನಾಕೋಶಿ ಬಳಿ ಕರಾಟೆ ಕಲಿತ ಲೀ ವೊನ್-ಕುಕ್ 1944ರಲ್ಲಿ ಸಿಯೋಲ್‌ನಲ್ಲಿ ಚುಂಗ್ ದೊ ಕ್ವಾನ್ ಶಾಲೆ ತೆರೆದರು. ಟೇಕ್ವಾಂಡೊ ಎಂಬ ಹೆಸರು ಬಂದದ್ದೇ 1955ರಲ್ಲಿ, ಜನರಲ್ ಚೋಯ್ ಹೊಂಗ್-ಹಿ ಮುಂದಾಳತ್ವದಲ್ಲಿ. ಆರಂಭದಲ್ಲಿ ಅಭ್ಯಾಸ ಮಾಡುತ್ತಿದ್ದ ಪ್ಯೊಂಗಾನ್ ವರಸೆಗಳು ಕರಾಟೆಯ ಹೈಆನ್ ವರಸೆಗಳೇ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆಯೋ ನನಗೆ ಅರ್ಥವಾಗಿಲ್ಲ.

ನಿಜಕ್ಕೂ ಹಳೆಯದು ಬೇಕು ಅನ್ನುವವರು ತೆಕ್ಕ್ಯೊನ್ ಕಡೆ ತಿರುಗಬೇಕು, ಅದು ಕಾಲಿನಿಂದ ಒದ್ದು, ಕೊಕ್ಕೆ ಹಾಕಿ ಕೆಡವುವ ಕೊರಿಯಾದ ಆಟ. ಇದರ ಹೆಸರು 1798ರ 'ಜೆಮುಲ್ಬೊ' ಎಂಬ ಕೋಶದಲ್ಲೇ ಸಿಗುತ್ತದೆ. 19ನೇ ಶತಮಾನದ ಚಿತ್ರಕಾರ ಯು ಸುಕ್ ಹೆಸರಿನಲ್ಲಿರುವ ಒಂದು ಚಿತ್ರದಲ್ಲಿ ಜನ ಸುತ್ತ ಕುಳಿತಿದ್ದಾರೆ, ನಡುವೆ ಒಂದು ಜೋಡಿ ಕುಸ್ತಿ, ಇನ್ನೊಂದು ಜೋಡಿ ತೆಕ್ಕ್ಯೊನ್, ಪಕ್ಕದಲ್ಲಿ ಮಿಠಾಯಿ ಮಾರುವವನು. ರಣರಂಗವಲ್ಲ, ಪಕ್ಕಾ ಜಾತ್ರೆ.

ಕೊರಿಯಾವನ್ನು ಆಳಿದ ಜಪಾನೀಯರು ಬಂದು ತೆಕ್ಕ್ಯೊನ್ ಅಳಿಸಿದರು ಅನ್ನೋದು ಅರ್ಧ ಸತ್ಯ. 'ಹೆದೊಂಗ್ ಜುಕ್ಜಿ' ಎಂಬ 1920ರ ದಶಕದ ಕೃತಿ ಬೇರೆ ಕಾರಣ ಕೊಡುತ್ತದೆ: ಇದನ್ನು ಹಿಡಿದು ಹಗೆ ತೀರಿಸಿಕೊಳ್ಳುತ್ತಿದ್ದರು, ಹೆಣ್ಣನ್ನು ಪಣಕ್ಕಿಟ್ಟು ಆಡುತ್ತಿದ್ದರು, ಅಧಿಕಾರಿಗಳು ನಿಷೇಧಿಸಿದರು, ಆಟ ನಿಂತುಹೋಯಿತು.

ಪೂರ್ತಿ ನಿಲ್ಲಲಿಲ್ಲ, ಒಬ್ಬರ ಕಾಲಲ್ಲಿ ಉಳಿಯಿತು. ಸಾಂಗ್ ದೊಕ್-ಗಿ, 1893ರಲ್ಲಿ ಸಿಯೋಲ್‌ನಲ್ಲಿ ಹುಟ್ಟಿದವರು, ಇಮ್ ಹೊ ಎಂಬವರ ಶಿಷ್ಯ, ಒಳ್ಳೆಯ ಬಿಲ್ಲುಗಾರ ಕೂಡ. ಅವರ ಹತ್ತಿರ ಕಲಿತ ಶಿನ್ ಹಾನ್-ಸುಂಗ್ ಓಡಾಡಿ, ದಾಖಲಿಸಿ, 1983ರಲ್ಲಿ ಸರ್ಕಾರದಿಂದ 76ನೇ ಸಂಖ್ಯೆಯ ಸಾಂಸ್ಕೃತಿಕ ಸ್ವತ್ತು ಎಂಬ ಮಾನ್ಯತೆ ಕೊಡಿಸಿದರು. ಇಬ್ಬರೂ ತೀರಿಕೊಂಡದ್ದು 1987ರಲ್ಲಿ. ತೆಕ್ಕ್ಯೊನ್ ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿದ್ದು 2011ರಲ್ಲಿ.

ಇನ್ನು ಆಟದ ಒಳಗೆ ಬನ್ನಿ. ಬುನಾದಿ 'ಪುಂಬಲ್ಗಿ' ಹೆಜ್ಜೆ. ನೆಲದ ಮೇಲೆ ತ್ರಿಕೋನ ಊಹಿಸಿಕೊಳ್ಳಿ. ಹಿಂದಿನ ಎರಡು ಮೂಲೆಯಲ್ಲಿ ಪಾದ, ಮುಂದಿನ ಮೂಲೆಗೆ ಒಮ್ಮೆ ಎಡಗಾಲು, ವಾಪಸ್, ಒಮ್ಮೆ ಬಲಗಾಲು. ಲಯ ಮೂರು ಮಾತ್ರೆಯದು. ಪ್ರತಿ ಹೆಜ್ಜೆಗೂ ಮಂಡಿ ಕುಸಿದು ಏಳಬೇಕು, ಕೈ ಸಡಿಲವಾಗಿ ತೂಗಬೇಕು. ಕರಾಟೆ, ಟೇಕ್ವಾಂಡೊ ಕಲಿತು ಬಂದವರು ಎಡವೋದು ಇಲ್ಲೇ: ಮಂಡಿ ಬಿಗಿ, ತುದಿಗಾಲಲ್ಲಿ ಜಿಗಿತ. ಆಗ ಭಾರವೆಲ್ಲ ಮುಂದಿನ ಕಾಲಿಗೆ ಒಮ್ಮೆಲೇ ಬೀಳುತ್ತದೆ. ಅದೇ ಗಳಿಗೆಗೆ ಎದುರಾಳಿ ಹಿಮ್ಮಡಿಗೆ ಕೊಕ್ಕೆ ಹಾಕಿದರೆ ನೆಲ ಗ್ಯಾರಂಟಿ. ದೂರ ನಿಂತು ತಪ್ಪಿಸಿಕೊಳ್ಳೋಣ ಅಂದರೆ ನಿಯಮ ಬಿಡೋದಿಲ್ಲ, ಒಂದು ಕಾಲನ್ನು ಎದುರಾಳಿಗೆ ಎಟಕುವ ಹಾಗೆ ಮುಂದಿಡಲೇಬೇಕು. ಬಿದ್ದವನು ಸೋತ, ಮುಖಕ್ಕೆ ಒದೆ ತಿಂದವನೂ ಸೋತ. ಮೈಗೆ ಒದೆಯುವಾಗ ಚುಚ್ಚುವ ಹಾಗಿಲ್ಲ, ಪಾದವನ್ನು ಮೈಗೆ ಊರಿ ತಳ್ಳಬೇಕು. ಮೂಳೆ ಮುರಿಯುವುದಲ್ಲ, ಕೆಡವುವುದು ಗುರಿ. ಉಸಿರಿನ ಜೊತೆ 'ಇಕ್', 'ಎಕ್' ಅಂತ ಕೂಗು.

ಇಲ್ಲೂ ಒಂದು ಮಾತು ಹೇಳಿಬಿಡಬೇಕು. ಸಾಂಗ್ ಅಜ್ಜ ಪಾಠಪಟ್ಟಿ ಇಟ್ಟುಕೊಂಡು ಕಲಿಸಿದವರಲ್ಲ. ಈಗ ಕೊರಿಯಾದ ಚುಂಗ್‌ಜು ಊರಿನಲ್ಲಿ ಕಾಣುವ ಕ್ರಮಬದ್ಧ ವರಸೆಗಳನ್ನು ಜೋಡಿಸಿದ್ದು ಶಿನ್, ಅದೂ 1970ರ ನಂತರ. ಬೇರೆ ಸಂಘಗಳು ಅದನ್ನು ಒಪ್ಪದೆ ತಮ್ಮದೇ ನಿಯಮದಲ್ಲಿ ಪಂದ್ಯ ನಡೆಸುತ್ತವೆ. ಹಾಗಾಗಿ ವಿಡಿಯೊ ನೋಡುವವರು ಯಾವ ಸಂಘದ್ದು ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಒಂದರಲ್ಲಿ ಕಂಡ ಹೆಜ್ಜೆ ಇನ್ನೊಂದರಲ್ಲಿ ಯಾಕಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತೀರಿ.