ಮೊದಲ ಗೇಮ್ ಬಂದೂಕಿನದೇ ಆಗಬೇಕಿಲ್ಲ

"ನನಗೂ ಗೇಮ್ ಆಡಬೇಕು ಅನಸ್ತದ, ಯಾವುದರಿಂದ ಶುರು ಮಾಡ್ಲಿ?" ಅಂತ ಈಚೆಗೆ ನನ್ನನ್ನು ಕೇಳುವವರಲ್ಲಿ ಹುಡುಗರು ಕಡಿಮೆ. ನಲವತ್ತು ದಾಟಿದವರು, ಮಕ್ಕಳನ್ನು ಹಾಸ್ಟೆಲ್‌ಗೆ ಕಳಿಸಿ ಸಂಜೆ ಹೊತ್ತು ಖಾಲಿ ಉಳಿದ ಹೆಣ್ಣುಮಕ್ಕಳು, ರಿಟೈರ್ ಆದ ಮಾಸ್ತರರು ಕೇಳುತ್ತಾರೆ. ಅದೂ ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ. ನಮ್ಮ ವಿಜಯಪುರದಲ್ಲಿ ಗೇಮ್ ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಎರಡೇ: ಹುಡುಗರು ರಾತ್ರಿಯಿಡೀ ಕೂಗಾಡುತ್ತ ಆಡುವ ಬಂದೂಕಿನ ಗೇಮ್ ಬಿಜಿಎಂಐ, ಇಲ್ಲವಾದರೆ ಮನೆ ಹಾಳು ಮಾಡುವ ರಮ್ಮಿ. ಹಾಗಾಗಿ ಒಬ್ಬ ಐವತ್ತರ ಹೆಣ್ಣುಮಗಳು ಬಾಯಿಬಿಟ್ಟು ಈ ಪ್ರಶ್ನೆ ಕೇಳಿದರೆ ನಾನು ಅದನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ.

ರಮ್ಮಿಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು, ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್ (ಪಂದ್ಯಾವಳಿಯಾಗಿ ಆಡುವ ಗೇಮ್) ಮತ್ತು ಸುಮ್ಮನೆ ಖುಷಿಗೆ ಆಡುವ ಗೇಮ್‌ಗಳನ್ನು ಅದೇ ಕಾಯ್ದೆ ಬೇರೆಯಾಗಿ ಇಟ್ಟಿದೆ. ಸರ್ಕಾರಕ್ಕೇ ಗೊತ್ತಿರುವ ಈ ವ್ಯತ್ಯಾಸ ನಮ್ಮ ಓಣಿಗೂ ಗೊತ್ತಾಗಲಿ. ನಾನು ಇಲ್ಲಿ ಬರೆಯುತ್ತಿರುವುದು ಸುಮ್ಮನೆ ಖುಷಿಗೆ ಆಡುವ ಆ ಜಾತಿಯ ಬಗ್ಗೆ.

ವರ್ಷಗಟ್ಟಲೆ ಆಡಿದವರಿಗೆ ಹೊಸಬರ ಕಷ್ಟ ಕಾಣುವುದೇ ಇಲ್ಲ. ಹೊಸಬರಿಗೆ ವೇಗ ಸಾಲುವುದಿಲ್ಲ, ಬುದ್ಧಿ ಓಡುವುದಿಲ್ಲ ಎಂದುಕೊಳ್ಳುತ್ತಾರೆ. ಕಷ್ಟ ಇರುವುದು ಎರಡು ಹೆಬ್ಬೆರಳುಗಳಲ್ಲಿ. ಇವತ್ತಿನ ಬಹುಪಾಲು ದೊಡ್ಡ ಗೇಮ್‌ಗಳಲ್ಲಿ ಎರಡು ಪುಟ್ಟ ಕೋಲುಗಳಿರುವ ಕಂಟ್ರೋಲರ್ ಎಂಬ ಸಾಧನ ಹಿಡಿದು ಆಡುವಾಗ ಎಡ ಹೆಬ್ಬೆರಳು ಪಾತ್ರವನ್ನು ನಡೆಸುತ್ತದೆ, ಬಲ ಹೆಬ್ಬೆರಳು ಅದರ ನೋಟವನ್ನು ತಿರುಗಿಸುತ್ತದೆ. ಎರಡೂ ಒಟ್ಟಿಗೆ ನಡೆಯಬೇಕು. ಅದು ಬರುವವರೆಗೆ ಉಳಿದದ್ದೇನೂ ಬರುವುದಿಲ್ಲ.

ನಮ್ಮ ವೈನಿಗೆ (ಅತ್ತಿಗೆಗೆ) ಅವರ ಮಗ ಒಮ್ಮೆ ಕಂಟ್ರೋಲರ್ ಕೈಗೆ ಕೊಟ್ಟು ಶೂಟಿಂಗ್ ಗೇಮ್ ಹಚ್ಚಿದ್ದ. ನಾನು ಹಿಂದೆ ಕುಳಿತು ನೋಡುತ್ತಿದ್ದೆ. ಟಿವಿ ತುಂಬ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೆಲ. ಪಾತ್ರ ಗೋಡೆಗೆ ಮೂಗು ಹಚ್ಚಿಕೊಂಡು ನಡೆಯುತ್ತಲೇ ಇದೆ, ಕಾಲು ಆಡುತ್ತಿವೆ, ಮುಂದೆ ಹೋಗುತ್ತಿಲ್ಲ. ವೈನಿ ಕೋಲನ್ನು ಮೆಲ್ಲಗೆ ತಳ್ಳುವುದರ ಬದಲು ಕಂಟ್ರೋಲರನ್ನೇ ಬಲಕ್ಕೆ ವಾಲಿಸುತ್ತಿದ್ದಾರೆ. ಅಷ್ಟರಲ್ಲಿ ಹಿಂದಿನಿಂದ ಗುಂಡು ಬಿತ್ತು. ಯಾರು ಹೊಡೆದರು, ಎಲ್ಲಿಂದ ಹೊಡೆದರು ಅಂತ ತಿಳಿಯುವ ಮೊದಲೇ ಆಟ ಮುಗಿಯಿತು. "ಇದು ನಮ್ಮಂಥವ್ರಿಗಲ್ಲ ಬಿಡಪಾ" ಅಂದು ಕಂಟ್ರೋಲರ್ ಕೆಳಗಿಟ್ಟು ಒಳಗೆ ಹೋದರು.

ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ವೈನಿ ಹೊಲಿಗೆ ಮಷಿನ್ ಮುಂದೆ ಕುಳಿತರೆ ಕಾಲು ಪೆಡಲ್ ತುಳಿಯುತ್ತಿರುತ್ತದೆ, ಎರಡು ಕೈ ಬಟ್ಟೆ ಸರಿಸುತ್ತಿರುತ್ತವೆ, ಕಣ್ಣು ಸೂಜಿಯ ಮೇಲಿರುತ್ತದೆ. ಕೈಗೆ ಚುರುಕು ಇಲ್ಲ ಅನ್ನುವುದು ಸುಳ್ಳು. ಹೊಲಿಗೆ ಕಲಿಯುವಾಗ ಮೊದಲ ದಿನವೇ ಯಾರೂ ಅವರಿಗೆ ಬ್ಲೌಸಿನ ತೋಳು ಕೂಡಿಸಲು ಕೊಟ್ಟಿರಲಿಲ್ಲ, ಅಷ್ಟೇ.

ಹಾಗಾಗಿ ಯಾವುದೇ ಗೇಮನ್ನು ಹೊಸಬರಿಗೆ ಹೇಳುವ ಮುಂಚೆ ನಾನು ನೋಡುವುದು, ಕ್ಯಾಮೆರಾ, ಅಂದರೆ ಆ ನೋಟ ತಿರುಗಿಸುವ ಕೆಲಸ, ಯಾರ ಕೈಯಲ್ಲಿದೆ ಎಂಬುದನ್ನು. ಗೇಮೇ ಅದನ್ನು ನೋಡಿಕೊಂಡರೆ ಅರ್ಧ ಭಾರ ಇಳಿದಂತೆ. ಆಲ್ಟೋಸ್ ಒಡಿಸ್ಸಿ ಎಂಬ ಫೋನ್ ಗೇಮ್ 2018ರಲ್ಲಿ ಬಂತು. ಮರಳ ದಿಬ್ಬಗಳ ಮೇಲೆ ಒಬ್ಬ ಹಲಗೆಯ ಮೇಲೆ ನಿಂತು ಜಾರುತ್ತ ಹೋಗುತ್ತಾನೆ. ಪರದೆ ಮುಟ್ಟಿದರೆ ಹಾರುತ್ತಾನೆ, ಒತ್ತಿ ಹಿಡಿದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾನೆ. ಇಡೀ ಆಟ ಒಂದೇ ಬೆರಳಿನದು. ಝೆನ್ ಮೋಡ್ ಹಾಕಿದರೆ ಅಂಕವೂ ಇಲ್ಲ, ಬಿದ್ದರೆ ಎದ್ದು ಮುಂದೆ ಹೋದರಾಯಿತು. ಯಾರಿಗಾದರೂ ಫೋನ್ ಬಿಟ್ಟು ಬೇರೇನೂ ಇಲ್ಲವೆಂದರೆ ನಾನು ಮೊದಲು ಹೇಳುವ ಹೆಸರು ಇದೇ.

ಒಳ್ಳೆಯ ಗೇಮ್ ಬಾಯಿಬಿಟ್ಟು ಹೇಳದೆಯೇ ಕಲಿಸುತ್ತದೆ. 1985ರ ಸೂಪರ್ ಮಾರಿಯೋದ ಮೊದಲ ಹಂತವನ್ನು ನೆನಪಿಸಿಕೊಳ್ಳಿ. ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಹಾಕಿ ಆಡಿದವರಿಗೆಲ್ಲ ಅದು ಬಾಯಿಪಾಠ. ಮಾರಿಯೋ ಪರದೆಯ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಜಾಗ. ಆ ಕಡೆ ಹೋಗಬೇಕು ಅಂತ ಯಾರೂ ಹೇಳಬೇಕಿಲ್ಲ. ಎದುರಿಗೆ ಒಂದು ಪುಟ್ಟ ವೈರಿ ಬರುತ್ತದೆ, ಮುಟ್ಟಿದರೆ ಸಾಯುತ್ತೀರಿ, ಮುಂದಿನ ಸಲ ಹಾರುತ್ತೀರಿ. ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿಗೆ ತಲೆ ತಾಗಿಸಿದರೆ ಅಣಬೆ ಹೊರಬಂದು ಬಲಕ್ಕೆ ಸರಿಯುತ್ತದೆ, ಕೊಳವೆಗೆ ತಾಗಿ ನಿಮ್ಮ ಕಡೆಗೇ ತಿರುಗಿ ಬರುತ್ತದೆ. ಇದೂ ವೈರಿಯೇ ಅಂತ ಹೆದರಿ ಹಾರಲು ಹೋದರೆ ಮೇಲಿನ ಇಟ್ಟಿಗೆಗೆ ತಲೆ ಬಡಿದು ಅದರ ಮೇಲೆಯೇ ಬೀಳುತ್ತೀರಿ, ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಅಂತ ಗೊತ್ತಾಯಿತು. ಇದೆಲ್ಲ ಬೇಕೆಂದೇ ಹೀಗೆ ಜೋಡಿಸಿದ್ದು ಎಂದು ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರೇ ವಿವರಿಸಿದ್ದಾರೆ. ಆದರೂ ಹಳೆಯ ಮಾರಿಯೋವನ್ನು ನಾನು ಇವತ್ತಿನ ಹೊಸಬರಿಗೆ ಹೇಳುವುದಿಲ್ಲ. ಕಲಿಸುವುದರಲ್ಲಿ ಅದು ಗುರು, ಆದರೆ ಕ್ಷಮಿಸುವುದಿಲ್ಲ. ಮೂರು ಪ್ರಾಣ ಹೋದರೆ ಮತ್ತೆ ಮೊದಲಿನಿಂದ.

ಭಾಷೆಯ ತೊಡಕನ್ನು, ಹೊಸಬರು ಆಡಬೇಕಾದ ಗೇಮ್ ಇವು ಅಂತ ಇಂಗ್ಲಿಷಿನಲ್ಲಿ ಪಟ್ಟಿ ಮಾಡುವವರು ಯೋಚಿಸುವುದೇ ಇಲ್ಲ. ಅವರು ಹೇಳುವ ಗೇಮ್‌ಗಳಲ್ಲಿ ಪುಟಗಟ್ಟಲೆ ಓದುವುದಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಅಕ್ಕ-ಅತ್ತಿಯರಿಗೆ ಆಟದ ಕಷ್ಟದ ಮೇಲೆ ಇಂಗ್ಲಿಷಿನ ಕಷ್ಟವನ್ನೂ ಹೇರುವುದು ನ್ಯಾಯವಲ್ಲ. ಮಾತೇ ಬೇಡದ ಗೇಮ್‌ಗಳು ಇವೆ, ಅವೂ ಬಹಳ ಸುಂದರ. 2014ರ ಮಾನ್ಯುಮೆಂಟ್ ವ್ಯಾಲಿಯಲ್ಲಿ ಇಡಾ ಎಂಬ ಪುಟ್ಟ ರಾಜಕುಮಾರಿಯನ್ನು ಗೋಪುರಗಳ ನಡುವೆ ದಾಟಿಸಬೇಕು. ಬೆರಳಿನಿಂದ ಕಂಬ ತಿರುಗಿಸಿದರೆ, ಕಣ್ಣಿಗೆ ಕೂಡಿದಂತೆ ಕಂಡ ದಾರಿ ನಿಜವಾಗಿಯೂ ಕೂಡಿಬಿಡುತ್ತದೆ. ಓದುವುದು ಒಂದೆರಡು ಸಾಲು, ಬಿಟ್ಟರೂ ನಡೆಯುತ್ತದೆ. ಸಾಯುವುದೆಂಬುದೇ ಅದರಲ್ಲಿಲ್ಲ. ನಮ್ಮ ಊರಿನವರಿಗೆ ಇದು ಇನ್ನೂ ಹಿಡಿಸುತ್ತದೆ ಅಂತ ನನಗನಿಸುತ್ತದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡುತ್ತ ಬೆಳೆದವರಿಗೆ ಕಮಾನು, ಗುಮ್ಮಟ, ಮೆಟ್ಟಿಲು ಹೊಸದಲ್ಲವಲ್ಲ. 2017ರ ಗೊರೊಗೋವಾ ಕೂಡ ಹೀಗೆಯೇ. ಜೇಸನ್ ರಾಬರ್ಟ್ಸ್ ಕೈಯಿಂದ ಬಿಡಿಸಿದ ನಾಲ್ಕು ಚೌಕದ ಚಿತ್ರಗಳನ್ನು ಸರಿಸಿ, ಒಂದರೊಳಗೆ ಒಂದು ಕೂಡಿಸುವ ಆಟ. ಒಂದು ಪದವೂ ಇಲ್ಲ.

ಇನ್ನೊಂದು ಖುಷಿಯ ಸಂಗತಿ: ಇಟ್ಟಿಗೆಯಂಥ ತುಂಡು ಜೋಡಿಸಿ ಏನು ಬೇಕಾದರೂ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿ, ಜಾವಾ ಎಡಿಷನ್ ಅಂತಾರಲ್ಲ, ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸಂಬಳವಿಲ್ಲದೆ ಸ್ವಇಚ್ಛೆಯಿಂದ ಅನುವಾದ ಮಾಡಿದವರಿಗೆ ನಮಸ್ಕಾರ. ಆದರೆ ಮೈನ್‌ಕ್ರಾಫ್ಟ್‌ನಲ್ಲಿ ನೋಟ ತಿರುಗಿಸುವ ಕೆಲಸ ನಮ್ಮದೇ. ಹಾಗಾಗಿ ಅದು ಎರಡನೆಯ ಗೇಮ್ ಆಗಲಿ. ಅದೂ ಕ್ರಿಯೇಟಿವ್ ಮೋಡ್‌ನಲ್ಲಿ. ಅಲ್ಲಿ ಪ್ರಾಣ ಹೋಗುವ ಭಯವಿಲ್ಲ, ಬೇಕಾದ ಇಟ್ಟಿಗೆ ಬೇಕಾದಷ್ಟು ಸಿಗುತ್ತದೆ, ಸುಮ್ಮನೆ ಮನೆ ಕಟ್ಟುತ್ತ ಕಟ್ಟುತ್ತ ಆ ಎರಡು ಹೆಬ್ಬೆರಳು ಪಳಗುತ್ತವೆ.

ಈಗ ವೈನಿಯ ಕಥೆಗೆ ಬರುತ್ತೇನೆ. ಅವರ ತವರು ತಿಕೋಟಾ ಕಡೆ, ದ್ರಾಕ್ಷಿ ತೋಟದ ಮನೆ. ಅವರಿಗೆ ನಾನು ಹಚ್ಚಿಕೊಟ್ಟದ್ದು ಸ್ಟಾರ್ಡ್ಯೂ ವ್ಯಾಲಿ. 2016ರಲ್ಲಿ ಬಂದ ಈ ಗೇಮನ್ನು ಎರಿಕ್ ಬರೋನ್ ಎಂಬ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಮಾಡಿದ. ಚಿತ್ರ, ಸಂಗೀತ, ಮಾತು ಎಲ್ಲ ಅವನದೇ. ಅಜ್ಜ ಬಿಟ್ಟುಹೋದ ಪಾಳುಬಿದ್ದ ಹೊಲಕ್ಕೆ ಮೊಮ್ಮಗ ಬರುತ್ತಾನೆ, ಶುರುವಿನಲ್ಲಿ ಕೈಗೆ ಹದಿನೈದು ಬೀಜ ಸಿಗುತ್ತವೆ. ಮೇಲಿನಿಂದ ನೋಡುವ ಗೇಮ್, ಕ್ಯಾಮೆರಾ ಚಿಂತೆಯಿಲ್ಲ. ಫೋನ್‌ನಲ್ಲಿ ಓಡುತ್ತದೆ, 2 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಇಂಗ್ಲಿಷ್ ಮಾತು ಇದೆ, ಅದಕ್ಕೆ ನಾನು ಪಕ್ಕದಲ್ಲಿ ಕುಳಿತೆ.

ಬೀಜ ಹಾಕಿ ನೀರು ಹಾಕಿದರು. ಮರುದಿನ ಆಟದಲ್ಲಿ ಮಳೆ. "ಮಳಿ ಬಂದದಲ್ಲ, ಇವತ್ತ ನೀರ್ ಹಾಕೂದು ಬ್ಯಾಡ ಹೌದಿಲ್ಲೋ?" ಅಂದರು. ನಾನು ಇನ್ನೂ ಹೇಳಿಯೇ ಇರಲಿಲ್ಲ. ಬ್ಯಾಡ್ರಿ ವೈನಿ ಅಂದೆ. ಆ ಮನೆಯ ಟಿವಿಯಲ್ಲಿ ನಾಳೆಯ ಹವಾಮಾನ ಬರುತ್ತದೆ ಅಂತ ಗೊತ್ತಾದ ಮೇಲೆ ದಿನಾ ಅದನ್ನು ನೋಡಿಯೇ ಹೊರಗೆ ಹೋದರು. ಋತು ಬದಲಾದರೆ ಬೆಳೆ ಒಣಗುತ್ತದೆ ಎಂಬುದನ್ನು ಒಂದೇ ಸಲಕ್ಕೆ ಹಿಡಿದರು. ಶರತ್ಕಾಲದಲ್ಲಿ ದ್ರಾಕ್ಷಿ ಬಂತು. ಅದು ಚಪ್ಪರದ ಮೇಲೆ ಹಬ್ಬುವ ಬೆಳೆ, ಗಿಡದ ನಡುವೆ ಹಾಯ್ದು ಹೋಗಲು ಬರುವುದಿಲ್ಲ. ಗೇಮ್ ಆಡಿ ಹಳಬರಾದ ಹುಡುಗರು ಇಲ್ಲಿ ಎಡವುತ್ತಾರೆ, ಒತ್ತೊತ್ತಾಗಿ ಹಚ್ಚಿ ನಡುವಿನ ಬಳ್ಳಿಯ ಕಾಯಿ ಹರಿಯಲಾಗದೆ ನಿಲ್ಲುತ್ತಾರೆ. ವೈನಿ ಮೊದಲೇ ಸಾಲು ಬಿಟ್ಟು ಹಚ್ಚಿದ್ದರು, ನಡುವೆ ಓಡಾಡಲು ಜಾಗ ಇಟ್ಟು. ಯಾರು ಹೇಳಿಕೊಟ್ಟರು ಅಂತ ಮಗ ಕೇಳಿದ. "ನಮ್ಮಪ್ಪ" ಅಂದರು. 2024ರಲ್ಲಿ ಬಂದ 1.6 ಅಪ್‌ಡೇಟ್‌ನಲ್ಲಿ ಹಣ್ಣು ಒಣಗಿಸುವ ಯಂತ್ರವೂ ಸೇರಿದೆ, ದ್ರಾಕ್ಷಿ ಹಾಕಿದರೆ ಒಣದ್ರಾಕ್ಷಿ ಆಗುತ್ತದೆ. ಅದನ್ನು ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

ಗೊತ್ತಿರುವ ಕೆಲಸದ ಗೇಮ್ ಕೊಟ್ಟರೆ ಹೊಸಬರು ಹೊಸಬರಾಗಿ ಉಳಿಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಆ ಗೇಮ್‌ನಲ್ಲಿ ಮೀನು ಹಿಡಿಯುವುದು ಹೊಸಬರಿಗೆ ಬಹಳ ಕಠಿಣ. ಮೀನಿನಂಗಡಿಯಲ್ಲಿ ಕಡಿಮೆ ದುಡ್ಡಿಗೆ ಟ್ರೇನಿಂಗ್ ರಾಡ್ ಸಿಗುತ್ತದೆ, ಅದನ್ನು ಕೊಡಿಸಿ. ಬೇಡವೆಂದರೆ ಮೀನಿನ ಗೊಡವೆಯನ್ನೇ ಬಿಡಿ.

ಇದೇ ಲೆಕ್ಕದಲ್ಲಿ, ಬಸ್ ಡ್ರೈವರ್ ಆಗಿ ರಿಟೈರ್ ಆದ ನಮ್ಮ ಕಾಕಾಗೆ 2012ರ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಟ್ಟೆ. ಇಂಗ್ಲೆಂಡಿನ ಊರಿನಿಂದ ಶುರು ಮಾಡಿದರೆ ನಮ್ಮ ಹಾಗೆ ಎಡಗಡೆ ಓಡಿಸಬಹುದು. ಗೇರ್ ಆಟೋಮ್ಯಾಟಿಕ್ ಇಡಬಹುದು, ಆಯಾಸದ ಲೆಕ್ಕವನ್ನೂ ಟ್ರಾಫಿಕ್ ದಂಡವನ್ನೂ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಬಹುದು. ನಾನು ದಂಡ ಬಂದ್ ಮಾಡಲು ಹೋದರೆ ಕಾಕಾ ಬಿಡಲಿಲ್ಲ. "ಕೆಂಪ ದೀಪ ಬಿದ್ರ ನಿಂದರಬೇಕಪಾ, ಅದೇನ್ ಆಟ ಅದು ನಿಂದರದಿದ್ರ?" ಅಂದರು. ಈಗ ಸೊಲ್ಲಾಪುರ ರಸ್ತೆಯಷ್ಟೇ ಚೆನ್ನಾಗಿ ಲಂಡನ್ ಸುತ್ತಲಿನ ರಸ್ತೆ ಅವರಿಗೆ ಗೊತ್ತು.

ಎಲ್ಲರೂ ಹೊಗಳುವ ಎರಡು ಗೇಮ್‌ಗಳನ್ನು ಮಾತ್ರ ಮೊದಲಿಗೆ ಕೊಡಬೇಡಿ ಅಂತ ಹೇಳುತ್ತೇನೆ. ಒಂದು 2007ರ ಪೋರ್ಟಲ್, ಗೋಡೆಗಳಲ್ಲಿ ಮಾಯದ ಬಾಗಿಲು ತೆರೆದು ಒಗಟು ಬಿಡಿಸುವ ಗೇಮ್. ಒಂದೊಂದು ಕೋಣೆಯಲ್ಲಿ ಒಂದೊಂದನ್ನೇ ಕಲಿಸುವ ಅದರ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪಾತ್ರದ ಕಣ್ಣಿನಿಂದಲೇ ನೋಡುತ್ತ, ಗೋಡೆಯಲ್ಲಿ ಹೊಕ್ಕು ಚಾವಣಿಯಿಂದ ಬೀಳುವಾಗ ಹೊಸಬರಲ್ಲಿ ಹಲವರಿಗೆ ತಲೆ ತಿರುಗಿ ವಾಕರಿಕೆ ಬರುತ್ತದೆ. ಅಂಥ ಗೇಮ್ ಆಡುವವರು ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಬ್ಲರ್ (ಓಡುವಾಗ ಚಿತ್ರ ಮಸುಕಾಗುವುದು), ಕ್ಯಾಮೆರಾ ಶೇಕ್ (ನೋಟ ಅಲುಗುವುದು) ಇದ್ದರೆ ಬಂದ್ ಮಾಡಿ, ಟಿವಿಯಿಂದ ದೂರ ಕುಳಿತುಕೊಳ್ಳಿ, ತಲೆ ತಿರುಗಿದ ಕ್ಷಣವೇ ನಿಲ್ಲಿಸಿ. ತಡೆದುಕೊಂಡು ಆಡಿದರೆ ಇನ್ನೂ ಹೆಚ್ಚಾಗುತ್ತದೆ. ಇನ್ನೊಂದು, 2021ರಲ್ಲಿ ವರ್ಷದ ಗೇಮ್ ಪ್ರಶಸ್ತಿ ಪಡೆದ ಇಟ್ ಟೇಕ್ಸ್ ಟೂ. ಗಂಡ-ಹೆಂಡತಿ ಕೂಡಿ ಆಡಲಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ಓಡಿ, ಹಾರಿ, ನೋಟ ತಿರುಗಿಸಿ, ಹೊತ್ತು ತಪ್ಪದೆ ಒತ್ತುವುದನ್ನು ಬೇಗ ಕೇಳುತ್ತದೆ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಮನೆಯಲ್ಲಿ ಜಗಳವೇ ಗತಿ. ಕೈ ಪಳಗಿದ ಮೇಲೆ ಆಡಿ, ಬಹಳ ಚೆನ್ನಾಗಿದೆ.

ಫ್ರೀ ಗೇಮ್‌ಗಳ ಬಗ್ಗೆಯೂ ಒಂದು ಮಾತು. ಪುಕ್ಕಟೆ ಅಂದರೆ ಹೊಸಬರಿಗೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. 2012ರ ಕ್ಯಾಂಡಿ ಕ್ರಷ್ ನೋಡಿ. ಐದು ಪ್ರಾಣ, ಸೋತಾಗ ಒಂದು ಹೋಗುತ್ತದೆ, ಒಂದು ತುಂಬಲು ಅರ್ಧ ಗಂಟೆ ಕಾಯಬೇಕು. ಕಾಯಲಾಗದವರು ದುಡ್ಡು ಕೊಡಬೇಕು. ಇಲ್ಲಿ ಸೋಲು ಏನನ್ನೂ ಕಲಿಸುವುದಿಲ್ಲ, ಸೋಲು ಅಲ್ಲಿ ಮಾರಾಟದ ಸರಕು. ಒಂದು ಸಲ ದುಡ್ಡು ಕೊಟ್ಟು ಕೊಂಡ ಗೇಮ್‌ಗೆ ನಿಮ್ಮನ್ನು ಸತಾಯಿಸುವ ಅಗತ್ಯವಿಲ್ಲ. ಬಿಜಿಎಂಐ ಕೂಡ ಫ್ರೀ. ಅಲ್ಲಿ ನೂರು ಮಂದಿ ಇಳಿಯುತ್ತಾರೆ, ಒಬ್ಬ ಇಲ್ಲವೇ ಒಂದು ತಂಡ ಗೆಲ್ಲುತ್ತದೆ. ಕಲಿಯಬೇಕಾದವರಿಗೆ ಅಂಥ ಅಂಗಳ ಬೇಡ.

ಪಕ್ಕದಲ್ಲಿ ಕುಳಿತವರಿಗೆ ನನ್ನ ಕೈಮುಗಿದ ವಿನಂತಿ ಒಂದಿದೆ. "ತಾ ಇಲ್ಲಿ, ನಾ ಮಾಡಿ ಕೊಡ್ತೀನಿ" ಅಂತ ಕಂಟ್ರೋಲರ್ ಕಸಿಯಬೇಡಿ. ಅವ್ವ ಗೋಡೆಗೆ ಮೂಗು ಹಚ್ಚಿಕೊಂಡು ನಿಂತಿದ್ದರೆ ನಿಲ್ಲಲಿ. ದಾರಿ ಎಡಕ್ಕೆ ಇದೆ ಅಂತ ನಿಮಗೆ ಗೊತ್ತಿದ್ದರೂ, ಅವರು ಕೇಳುವವರೆಗೆ ಹೇಳಬೇಡಿ. ಈಸಿ ಮೋಡ್ ಹಾಕಿಕೊಂಡರೆ ನಗಬೇಡಿ. 2018ರ ಸೆಲೆಸ್ಟೆ ಎಂಬ ಬಲು ಕಠಿಣ ಗೇಮ್ ಮಾಡಿದವರೇ ಅದರಲ್ಲಿ ಅಸಿಸ್ಟ್ ಮೋಡ್ ಇಟ್ಟಿದ್ದಾರೆ, ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು, ಬೇಕಾದರೆ ಸಾವೇ ಇಲ್ಲದ ಹಾಗೆ ಮಾಡಿಕೊಳ್ಳಬಹುದು. ಮಾಡಿದವರಿಗೇ ಅದರಲ್ಲಿ ಅವಮಾನ ಕಾಣಲಿಲ್ಲ.

ಕೊಳ್ಳಲು ಹಿಂಜರಿಯುವವರಿಗೆ ಕೊನೆಗೊಂದು ಉಪಾಯ. ಕಂಪ್ಯೂಟರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಿಂದ ಕೊಂಡರೆ, ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಒಂದು ಭಾನುವಾರ ಊಟ ಆದ ಮೇಲೆ ಅವರನ್ನು ಕೂಡಿಸಿ, ಗಡಿಯಾರ ನೋಡಿಕೊಂಡು ಹಚ್ಚಿಕೊಡಿ. ಎರಡು ಗಂಟೆಯೊಳಗೆ ಅವರೇ "ಇನ್ನೊಂದು ಸ್ವಲ್ಪ ತಡಿ" ಅಂದರೆ ಗೇಮ್ ಇಟ್ಟುಕೊಳ್ಳಿ. ಅನ್ನಲಿಲ್ಲವೆಂದರೆ ವಾಪಸ್ ಮಾಡಿ, ಬೇರೆಯದನ್ನು ಹಚ್ಚಿ.